ಎತ್ವಾರಿ ಹೇಳಿದ ನಾಲ್ಕು ಪುಟ

ವಿವರಿಸಲಾಗದ ಸಂಗತಿಯೊಂದು ತಮಗೆ ಘಟಿಸಿತು ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಬಹಳ ಕಾಲ ತಾತ್ಸಾರವಿತ್ತು. ಅವರ ಮಾತನ್ನು ಮರ್ಯಾದೆಗೆ ಕೇಳಿಸಿಕೊಳ್ಳುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ, ಇವರಿಗೆ ನಿದ್ದೆ ಸಾಲದು, ಇಲ್ಲವೇ ಇವರ ಮಾತನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ ಎಂದುಕೊಳ್ಳುತ್ತಿದ್ದೆ. ಈಗ ಅದೇ ಸಾಲಿನಲ್ಲಿ ನಾನೂ ಬಂದು ನಿಂತಿದ್ದೇನೆ. ನಂಬಿ ಎಂದು ಯಾರನ್ನೂ ಬೇಡಿಕೊಳ್ಳಲು ನಿಂತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಬೆಳೆದ ಮನೆಯೇ ಅಂಥದ್ದು. ಮರ್ಫಿ ಟೌನ್‌ನಲ್ಲಿ ಎರಡು ಕೋಣೆ, ಬಾಗಿಲ ಮುಂದೆ ಒಂದು ನಲ್ಲಿ, ಮನೆಮಾತು ತಮಿಳು. ಗೋಡೆಯ ಮೇಲೆ ಬುದ್ಧನ ಪಟ ಬಿಟ್ಟರೆ ಇನ್ನೊಂದು ಪಟವಿರಲಿಲ್ಲ. ಅಪ್ಪ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಟರ್ನರ್ ಆಗಿದ್ದರು, ಅಳತೆಗೆ ಸಿಗದ್ದನ್ನು ಒಪ್ಪುವ ಅಭ್ಯಾಸ ಅವರಿಗಿರಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ, ಮೂರು ದಾರಿ ಕೂಡುವ ಕಡೆ, ಯಾರೋ ಕುಂಕುಮ ಹಚ್ಚಿ ಇಟ್ಟುಹೋಗಿದ್ದ ನಿಂಬೆಹಣ್ಣುಗಳನ್ನು ಒಂದು ಸಲ ಎತ್ತಿಕೊಂಡು ಬಂದು, ತೊಳೆದು, ಪಾನಕ ಮಾಡಿ ನಮಗೆಲ್ಲ ಕುಡಿಸಿದ್ದರು. ಪಕ್ಕದ ಮನೆಯವರು ಒಂದು ವಾರ ನಮ್ಮ ಮುಖ ನೋಡಿ ನೋಡಿ ಹೋಗುತ್ತಿದ್ದರು. ನಮಗೆ ನೆಗಡಿ ಕೂಡ ಬರಲಿಲ್ಲ.

ನನ್ನ ಕೆಲಸ ಮಕ್ಕಳ ಮತ್ತು ಹದಿಹರೆಯದವರ ಜೊತೆಗಿನ ಸಮಾಜಕಾರ್ಯ. ಎಂಎಸ್‌ಡಬ್ಲ್ಯೂ ಓದಿ ಈ ಕ್ಷೇತ್ರಕ್ಕೆ ಬಂದು ಹದಿನೆಂಟು ವರ್ಷವಾಯಿತು. ಶುರುವಿನಲ್ಲಿ ನೆಂಟರು, "ಸೇವೆ ಮಾಡೋದು ಒಳ್ಳೇದೇ ಕಣಮ್ಮ, ಆದ್ರೆ ಕೆಲಸ ಅಂತ ಏನು ಮಾಡ್ತೀಯಾ" ಎಂದು ಕೇಳುತ್ತಿದ್ದರು. ಇದೇ ನನ್ನ ಕೆಲಸ ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕನಿಕರದಿಂದ ನಡೆಯುವ ಕೆಲಸ ಇದಲ್ಲ. ಇದಕ್ಕೆ ಕಾನೂನಿದೆ, ಕ್ರಮವಿದೆ, ಬರೆದಿಡಬೇಕಾದ ವರದಿಗಳಿವೆ. ಒಂದು ಮಗುವಿನ ಬಗ್ಗೆ ನಾನು ಬರೆದ ಪ್ರತಿ ವಾಕ್ಯಕ್ಕೂ, ಇದು ನಿನಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ ಉತ್ತರ ಇರಬೇಕು. ಹಾಗೆಂದು ನಾನೇ ಈಗ ಹೊಸಬರಿಗೆ ಪಾಠ ಮಾಡುತ್ತೇನೆ.

ಮೊನ್ನೆ ಅಂಥ ಒಂದು ತರಗತಿಯಲ್ಲಿ ಒಬ್ಬಳು ವಿದ್ಯಾರ್ಥಿನಿ ಎದ್ದು ನಿಂತು, "ಹೇಗೆ ಗೊತ್ತಾಯ್ತು ಅಂತ ನಿಮಗೇ ಹೇಳೋಕಾಗದ ಕೇಸ್ ಯಾವುದಾದ್ರೂ ಇದೆಯಾ ಮೇಡಂ" ಎಂದು ಕೇಳಿದಳು. ಇಲ್ಲ ಎಂದುಬಿಟ್ಟೆ. ಬಸ್ಸಿನಲ್ಲಿ ಮನೆಗೆ ಬರುವಾಗ, ಹೇಳಿದ್ದು ಸುಳ್ಳು ಎಂಬುದನ್ನು ಮರೆಯಲಾಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮಕ್ಕಳ ಹೆಸರು ಬದಲಿಸಿದ್ದೇನೆ, ಉಳಿದದ್ದನ್ನು ಬದಲಿಸಿಲ್ಲ.

ಏಳೆಂಟು ವರ್ಷದ ಹಿಂದಿನ ಮಾತು. ಆಗ ನಾನು ಹಲಸೂರಿನಲ್ಲಿದ್ದ ಹೆಣ್ಣುಮಕ್ಕಳ ಒಂದು ಹೋಮ್‌ನಲ್ಲಿ ಕೆಲಸ ಮಾಡುತ್ತಿದ್ದೆ. ದಿಕ್ಕುತಪ್ಪಿದ, ಮನೆಬಿಟ್ಟ, ಎಲ್ಲೆಲ್ಲಿಂದಲೋ ಬಿಡಿಸಿ ತಂದ ಮಕ್ಕಳು ಮನೆ ಸೇರುವ ತನಕ ಇರುವ ಜಾಗ ಅದು. ಹಳೆಯ ಬಂಗಲೆ, ಹಿಂದೆ ಕೆಂಪು ನೆಲದ ಉದ್ದನೆಯ ಜಗಲಿ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ರೋಜಿ ಆಂಟಿ. ಅರವತ್ತರ ಹತ್ತಿರದ ಹೆಂಗಸು, ಹುಟ್ಟಿದ್ದು ಶಿವಾಜಿನಗರ, ತಮಿಳು ಕನ್ನಡ ದಖನಿ ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಮಾತನಾಡುವವರು.

ಒಂದು ಶುಕ್ರವಾರ ಕೃಷ್ಣರಾಜಪುರ ರೈಲು ನಿಲ್ದಾಣದಿಂದ ಪೊಲೀಸರು ಒಬ್ಬಳು ಹುಡುಗಿಯನ್ನು ಕರೆತಂದರು. ಒಂಬತ್ತು ಹತ್ತು ವರ್ಷ ಇರಬಹುದು. ಪ್ಲಾಟ್‌ಫಾರಂನ ಕಂಬಕ್ಕೆ ಬೆನ್ನು ಕೊಟ್ಟು ಒಬ್ಬಳೇ ಕೂತಿದ್ದಳಂತೆ. ಕಾಲಿಗೆ ದೊಡ್ಡವರ ಚಪ್ಪಲಿ, ತಲೆ ತುಂಬ ಹೇನು. ನಮ್ಮ ಬಾಗಿಲು ದಾಟಿದ ಮೇಲೆ ಅವಳು ಆಡಿದ್ದು ಒಂದೇ ಮಾತು, "ಅಮ್ಮ್." ಎರಡು ಮೂರು ಸಲ ಹೇಳಿದಳು. ರೋಜಿ ಆಂಟಿ ಅವಳನ್ನು ತಬ್ಬಿಕೊಂಡು, "ಅಮ್ಮಾ ವರುವಾಂಗ ಕಣ್ಣು, ಬರ್ತಾರೆ, ಅಳಬೇಡ" ಎಂದು ಬೆನ್ನು ಸವರಿದರು. ಹುಡುಗಿ ಸುಮ್ಮನಾದಳು.

ಆಮೇಲೆ ಅವಳು ಬಾಯಿ ಬಿಡಲಿಲ್ಲ. ನಮ್ಮ ಕೌನ್ಸೆಲರ್ ಹಿಂದಿಯಲ್ಲಿ ಮಾತನಾಡಿಸಿದರು. ಬಂಗಾಳಿ ಬಲ್ಲ ಅಡುಗೆಯವಳನ್ನು, ಒಡಿಯಾ ಬಲ್ಲ ಬ್ಯೂಟಿ ಪಾರ್ಲರ್ ಹುಡುಗಿಯನ್ನು, ನೇಪಾಳದ ವಾಚ್‌ಮನ್‌ನನ್ನು ಕರೆಸಿದೆವು. ತೆಲುಗು ನಾವೇ ಪ್ರಯತ್ನಿಸಿದೆವು. ಪ್ರತಿಯೊಬ್ಬರು ಮಾತನಾಡುವಾಗಲೂ ಅವರ ತುಟಿಗಳನ್ನು ಗಮನವಿಟ್ಟು ನೋಡಿ ಅವಳು ತಲೆ ತಗ್ಗಿಸುತ್ತಿದ್ದಳು. ನಿದ್ದೆಯಲ್ಲಿ ಮಾತ್ರ ಏನೋ ಗೊಣಗುತ್ತಾಳೆ, ಯಾವ ಭಾಷೆಯೋ ತಿಳಿಯುವುದಿಲ್ಲ ಎಂದು ರೋಜಿ ಆಂಟಿ ಹೇಳಿದರು. ಬಂದದ್ದು ಶುಕ್ರವಾರವಾದ್ದರಿಂದ ರಿಜಿಸ್ಟರಿನಲ್ಲಿ ಲಕ್ಷ್ಮಿ ಎಂದು ಬರೆದುಕೊಂಡೆವು.

ಮಂಗಳವಾರ ಒಬ್ಬ ಮನುಷ್ಯ ಅವಳನ್ನು ಕೇಳಿಕೊಂಡು ಬಂದ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ಹಿಂದಿ. ತಾನು ಅವಳ ತಾಯಿಯ ತಮ್ಮ, ಹುಡುಗಿಯ ಹೆಸರು ಪಿಂಕಿ, ಊರಿಗೆ ಕರೆದುಕೊಂಡು ಹೋಗಲು ರೈಲು ಹತ್ತುವಾಗ ಗುಂಪಿನಲ್ಲಿ ಕೈತಪ್ಪಿದಳು ಎಂದ. ಗುರುತಿನ ಚೀಟಿ ತೋರಿಸಿದ. ಮೊಬೈಲಿನಲ್ಲಿ ಅವಳ ಫೋಟೋ ಇತ್ತು. ಊರಿನ ಪಂಚಾಯ್ತಿಯ ಒಂದು ಪತ್ರವನ್ನೂ ಮೊಬೈಲಿಗೇ ತರಿಸಿ ತೋರಿಸಿದ. ಹುಡುಗಿಯನ್ನು ಕರೆಸಿದೆವು. ಅವಳು ಅವನನ್ನು ನೋಡಿದಳು, ನೇರ ಹೋಗಿ ಅವನ ಪಕ್ಕದಲ್ಲಿ ನಿಂತಳು, ಅವನು ಕೊಟ್ಟ ಬಿಸ್ಕತ್ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ನಾನು ವರದಿ ಬರೆದೆ. ಮಗು ಸಂಬಂಧಿಯನ್ನು ಗುರುತಿಸಿದೆ, ಭಯದ ಲಕ್ಷಣಗಳಿಲ್ಲ, ಸುಪರ್ದಿಗೆ ಕೊಡಬಹುದು. ಬುಧವಾರ ಬೆಳಿಗ್ಗೆ ಟೈಪ್ ಮಾಡಿ ಸಹಿಯನ್ನೂ ಹಾಕಿಟ್ಟೆ. ಗುರುವಾರ ಹನ್ನೊಂದಕ್ಕೆ ಮಕ್ಕಳ ವಿಷಯ ತೀರ್ಮಾನಿಸುವ ಸಮಿತಿಯ ಮುಂದೆ ಅವಳನ್ನು ಹಾಜರುಪಡಿಸಬೇಕಿತ್ತು. ನಾನು ಬರೆದದ್ದನ್ನು ಓದಿ ಅವರು ಸಹಿ ಮಾಡುತ್ತಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಮಾಡುತ್ತಿದ್ದೆ.

ಬುಧವಾರ ಮಧ್ಯಾಹ್ನ ಎರಡೂವರೆ ಇರಬಹುದು. ದೊಡ್ಡ ಮಕ್ಕಳು ಶಾಲೆಗೆ ಹೋಗಿದ್ದರು. ಹೇನು ತುಂಬಿದ ತಲೆಯಲ್ಲಿ ಮಗುವನ್ನು ಊರಿಗೆ ಕಳಿಸುವುದು ನನಗೆ ಸರಿ ಕಾಣಲಿಲ್ಲ. ಹಿಂದಿನ ಜಗಲಿಯಲ್ಲಿ ಅವಳನ್ನು ನನ್ನ ಮುಂದೆ ಕೂರಿಸಿಕೊಂಡು, ಬೇವಿನೆಣ್ಣೆ ಹಚ್ಚಿ, ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚತೊಡಗಿದೆ. ಜಗಲಿಯ ಇನ್ನೊಂದು ತುದಿಯಲ್ಲಿ ರೋಜಿ ಆಂಟಿ ಒಣಗಿದ ಬಟ್ಟೆ ಮಡಚುತ್ತಿದ್ದರು. ಅವಳ ಫೈಲು ನನ್ನ ಪಕ್ಕದಲ್ಲೇ ಇತ್ತು.

ಹುಡುಗಿ ಮಾತನಾಡತೊಡಗಿದಳು.

ನನಗೆ ಇವತ್ತಿಗೂ ಅತ್ಯಂತ ವಿಚಿತ್ರವಾಗಿ ಕಾಣುವುದೆಂದರೆ, ಆಗ ನನಗೆ ಏನೂ ವಿಚಿತ್ರವೆನಿಸಲಿಲ್ಲ ಎಂಬುದು. ಮೈ ಜುಮ್ಮೆನ್ನಲಿಲ್ಲ, ಗಾಳಿ ತಣ್ಣಗಾಗಲಿಲ್ಲ. ಶಾಲೆಯಿಂದ ಬಂದ ಮಗು ಅಂದಿನದನ್ನೆಲ್ಲ ಹೇಳುತ್ತದಲ್ಲ, ತಾಯಿ ಜಡೆ ಹಾಕುತ್ತಾ ಕೇಳಿಸಿಕೊಳ್ಳುತ್ತಾಳಲ್ಲ, ಹಾಗಿತ್ತು. ಅವಳು ಹೇಳುತ್ತಿದ್ದಳು, ನನಗೆ ತಿಳಿಯುತ್ತಿತ್ತು. ಒಂದು ಹಂತದಲ್ಲಿ ಇದನ್ನು ಬರೆದುಕೊಳ್ಳಬೇಕು ಎನಿಸಿ ಎಣ್ಣೆಯ ಕೈ ಸೀರೆಗೆ ಒರೆಸಿ ಪೆನ್ನು ತೆಗೆದುಕೊಂಡೆ. ಬರೆದೆ, ನಡುವೆ ಒಂದೆರಡು ಪ್ರಶ್ನೆ ಕೇಳಿದೆ, ಉತ್ತರ ಬಂತು, ಅದನ್ನೂ ಬರೆದೆ.

ರೋಜಿ ಆಂಟಿ ಬಂದು ನಮ್ಮ ಪಕ್ಕದಲ್ಲಿ ನಿಂತರು. ಕೈಯಲ್ಲಿ ಮಡಚಿದ ಲಂಗ ಹಾಗೇ ಇತ್ತು.

"ಏನ್ ಭಾಷೆ ಇದು? ನಿಂಗೆ ಇವಳ ಮಾತು ಬರುತ್ತೆ ಅಂತ ಯಾಕಮ್ಮ ಹೇಳಲಿಲ್ಲ ಇಷ್ಟು ದಿವಸ?"

"ನಾನೆಲ್ಲಿ ಅವಳ ಭಾಷೆ ಮಾತಾಡಿದೆ? ಹ್ಞೂಂ ಅಂತಿದ್ದೆ, ಒಂದೆರಡು ಪ್ರಶ್ನೆ ಕೇಳಿದೆ, ಅಷ್ಟೆ."

"ಹ್ಞೂಂ ಅಲ್ಲ. ಅವಳ ಹಾಗೇ ಮಾತಾಡ್ತಿದ್ದೆ. ತಮಿಳಲ್ಲ, ಕನ್ನಡ ಅಲ್ಲ. ನಾನು ಅಲ್ಲೇ ಕೂತು ಕೇಳ್ತಿದ್ದೆ."

ಅಲ್ಲಿಗೆ ನಿಂತುಹೋಯಿತು. ಹುಡುಗಿ ಇನ್ನೂ ಹೇಳುತ್ತಲೇ ಇದ್ದಳು, ನನ್ನ ಕಡೆ ಕತ್ತು ತಿರುಗಿಸಿ ಏನೋ ಕೇಳಿದಳು. ನನಗೆ ಬರೀ ಸದ್ದು ಕೇಳಿಸಿತು. ಒಂದು ಪದವೂ ತಿಳಿಯಲಿಲ್ಲ. ಆಗ ನನ್ನ ಮೈ ಬೆವರಿತು. ಅವಳು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು, ಇನ್ನೊಂದು ಸಲ ಕೇಳಿದಳು, ಆಮೇಲೆ ಮುಂದಕ್ಕೆ ತಿರುಗಿ ತಲೆ ತಗ್ಗಿಸಿದಳು.

ಫೈಲಿನಲ್ಲಿ ಮಗುವಿನ ಹೇಳಿಕೆ ಬರೆಯುವ ನಾಲ್ಕು ಪುಟ ತುಂಬಿದ್ದವು. ನನ್ನದೇ ಅಕ್ಷರ, ನನ್ನದೇ ಕನ್ನಡ, ಅಲ್ಲಲ್ಲಿ ಎಣ್ಣೆಯ ಕಲೆ. ಹೆಸರು ಎತ್ವಾರಿ. ಅಕ್ಕನ ಹೆಸರು ಸುಕ್ರಿ, ಹದಿನಾಲ್ಕು ವರ್ಷ. ಇಬ್ಬರನ್ನೂ ಶಾಲೆಗೆ ಸೇರಿಸುತ್ತೇನೆಂದು ಕರೆತಂದವನು ಆ ಮನುಷ್ಯ. ಅವನು ಮಾಮ ಅಲ್ಲ, ತಾಯಿಗೆ ತಮ್ಮಂದಿರೇ ಇಲ್ಲ. ಅಕ್ಕನನ್ನು ಒಂದು ಮನೆಯಲ್ಲಿ ಕೆಲಸಕ್ಕೆ ಬಿಟ್ಟಿದ್ದಾನೆ, ಇವಳೂ ಕೆಲವು ದಿನ ಅಲ್ಲೇ ಇದ್ದಳು. ಮಹಡಿಯ ಮೇಲಿನ ಮನೆ, ಬಾಗಿಲಿಗೆ ಹಸಿರು ಗ್ರಿಲ್, ಹೊರಗಿನಿಂದ ಬೀಗ. ಬಟ್ಟೆ ಒಗೆಯುವ ಜಾಗದಿಂದ ಕಂಬಗಳ ಮೇಲೆ ಓಡುವ ರೈಲು ಕಾಣುತ್ತದೆ. ಎದುರು ತಾರಸಿಯಲ್ಲಿ ನೀಲಿ ಬಣ್ಣದ ಪಾರಿವಾಳದ ಗೂಡಿದೆ, ಸಂಜೆ ಒಬ್ಬ ಗಂಡಸು ಸಿಳ್ಳೆ ಹಾಕಿ ಹಕ್ಕಿಗಳನ್ನು ಕರೆಯುತ್ತಾನೆ. ಆ ಮನುಷ್ಯ ತನ್ನನ್ನು ಇನ್ನೆಲ್ಲಿಗೋ ಕರೆದೊಯ್ಯುವಾಗ ನಿಲ್ದಾಣದಲ್ಲಿ ಅವನ ಕೈ ಬಿಡಿಸಿಕೊಂಡಳು. ಈಗ ಹಟ ಮಾಡಿದರೆ ಅಕ್ಕ ಸಾಯುತ್ತಾಳೆ ಎಂದು ಬಿಸ್ಕತ್ ಕೊಡುವಾಗ ಮೆಲ್ಲಗೆ ಹೇಳಿದ್ದಾನೆ. ಅವಳಿಗೆ ತುಸು ತಿಳಿಯುವ ಹಿಂದಿ ಅವನ ಭಾಷೆ, ಅದಕ್ಕೇ ಹಿಂದಿ ಮಾತನಾಡುವವರ ಹತ್ತಿರ ಅವಳು ಬಾಯಿ ಬಿಡುವುದಿಲ್ಲ.

ಅವನ ಪಕ್ಕದಲ್ಲಿ ಸುಮ್ಮನೆ ನಿಂತ ಮಗುವನ್ನು ನೋಡಿ ನಾನು ಭಯದ ಲಕ್ಷಣಗಳಿಲ್ಲ ಎಂದು ಬರೆದಿದ್ದೆ. ಆ ವರದಿಯನ್ನು ಹರಿದು ಹಾಕಿದೆ.

ನಮ್ಮ ಕೋಆರ್ಡಿನೇಟರ್ ಪ್ರಕಾಶ್ ಸರ್ ನಾಲ್ಕು ಪುಟವನ್ನೂ ಓದಿದರು. ಕೆಟ್ಟ ಮನುಷ್ಯರಲ್ಲ. ಓದಿ ಮುಗಿಸಿ ನನ್ನ ಮುಖ ನೋಡಿ, ಭಾಷಾಂತರಕಾರರ ಹೆಸರು ಎಂಬ ಕಾಲಂ ಖಾಲಿ ಇದೆಯಲ್ಲ ಎಂದರು. ನಡೆದದ್ದನ್ನು ಹೇಳಿದೆ. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಇದನ್ನ ಹೀಗೇ ಸಮಿತಿ ಮುಂದೆ ಇಟ್ರೆ ನಿಮ್ಮ ಕೆಲಸಾನೂ ಹೋಗುತ್ತೆ, ಸಂಸ್ಥೆ ಮರ್ಯಾದೇನೂ ಹೋಗುತ್ತೆ. ಯಾರದ್ದಾದ್ರೂ ಒಂದು ಹೆಸರು ಹಾಕಿ. ಫಾರ್ಮಾಲಿಟಿ ಅಷ್ಟೆ."

"ಹಾಕಲ್ಲ ಸರ್."

"ಮಗು ಒಳ್ಳೇದಕ್ಕೇ ಅಲ್ವಾ?"

"ಅವನು ವಕೀಲರನ್ನ ಕರ್ಕೊಂಡು ಬಂದು, ಎಲ್ಲಿ ಆ ಟ್ರಾನ್ಸ್‌ಲೇಟರ್ ಕರೀರಿ ಅಂದ್ರೆ ಯಾರನ್ನ ಕರೀತೀರಿ? ಒಂದು ಸುಳ್ಳು ಸಿಕ್ಕರೆ ಮಗು ಹೇಳಿದ್ದೆಲ್ಲ ಸುಳ್ಳಾಗುತ್ತೆ."

ಅದು ನಿಜವಾದ ಕಾರಣವೇ. ಆದರೆ ಒಳಗೆ ಇನ್ನೊಂದು ಇತ್ತು. ಈ ಮಗು ಐದು ದಿನ ಬಾಯಿ ಮುಚ್ಚಿಕೊಂಡಿದ್ದು, ನನ್ನ ಹತ್ತಿರ ಬಾಯಿ ಬಿಟ್ಟಿದೆ. ಅದನ್ನು ಇಲ್ಲದ ಯಾರದೋ ಹೆಸರಿಗೆ ಬರೆಯಲು ನನಗೆ ಮನಸ್ಸಿರಲಿಲ್ಲ. ಕಾಲಂನಲ್ಲಿ ಹೀಗೆ ಬರೆದೆ: ಹೇಳಿದ್ದು ಮಗು, ಕೇಳಿಸಿಕೊಂಡವಳು ನಾನು. ಕೆಳಗೆ ಸಹಿ ಹಾಕಿದೆ.

ಗುರುವಾರ ಸಮಿತಿಯ ಅಧ್ಯಕ್ಷೆ ಕನ್ನಡಕ ತೆಗೆದಿಟ್ಟು ನನ್ನನ್ನು ನೋಡಿದರು. ಆ ಮನುಷ್ಯ ಹೊರಗೆ ಬೆಂಚಿನ ಮೇಲೆ ಕೂತಿದ್ದ.

"ನಿಮಗೆ ಈ ಮಗುವಿನ ಭಾಷೆ ಬರುತ್ತಾ?"

"ಇಲ್ಲ ಮೇಡಂ. ಯಾವ ಭಾಷೆ ಅಂತಾನೂ ಗೊತ್ತಿಲ್ಲ."

"ಮತ್ತೆ ಇದನ್ನೆಲ್ಲ ಹೇಗೆ ಬರೆದ್ರಿ?"

"ಗೊತ್ತಿಲ್ಲ. ನೀವು ನಂಬಬೇಕು ಅಂತ ನಾನು ಕೇಳ್ತಿಲ್ಲ. ಇದರಲ್ಲಿ ಒಂದು ಮನೆ ಇದೆ. ಹುಡುಕೋಕೆ ಎರಡು ದಿನ ಕೊಡಿ. ಸಿಗಲಿಲ್ಲ ಅಂದ್ರೆ ನನ್ನ ಮೇಲೆ ಏನು ಕ್ರಮ ತಗೋತೀರೋ ತಗೊಳ್ಳಿ. ಮಗುನ ಮಾತ್ರ ಇವತ್ತು ಕಳಿಸಬೇಡಿ."

ಅಧ್ಯಕ್ಷೆ ಎಣ್ಣೆಯ ಕಲೆಗಳಿದ್ದ ಪುಟಗಳನ್ನು ತಿರುವಿದರು. ಆಮೇಲೆ, ಮಗುವಿನ ಭಾಷೆಯ ಅಧಿಕೃತ ಭಾಷಾಂತರಕಾರರು ಸಿಗುವ ತನಕ ಸುಪರ್ದಿಗೆ ಕೊಡುವಂತಿಲ್ಲ ಎಂದು ಬರೆಸಿದರು. ಹೊರಗೆ ಬಂದಾಗ ಬೆಂಚು ಖಾಲಿಯಾಗಿತ್ತು. ಆ ಮನುಷ್ಯನ ಫೋನು ಆ ಹೊತ್ತಿನಿಂದ ಸ್ವಿಚ್ ಆಫ್. ಅವನು ಇವತ್ತಿಗೂ ಸಿಕ್ಕಿಲ್ಲ.

ಕಂಬಗಳ ಮೇಲೆ ಓಡುವ ರೈಲು ಎಂದರೆ ಮೆಟ್ರೋ. ಮೆಟ್ರೋ ಕಾಣುವ ಮನೆಗಳು ಸಾವಿರ ಇರಬಹುದು, ಪಾರಿವಾಳದ ಗೂಡುಗಳು ಅಷ್ಟಿಲ್ಲ. ನನ್ನ ಜೊತೆ ಓದಿದ ಅಂತೋಣಿ ಮರ್ಫಿ ಟೌನ್‌ನಲ್ಲೇ ಇದ್ದಾನೆ, ಆಟೋ ಓಡಿಸುತ್ತಾನೆ, ಹದಿನಾರನೇ ವಯಸ್ಸಿನಿಂದ ಪಾರಿವಾಳ ಸಾಕುತ್ತಾನೆ. ಈ ಕಡೆಯ ಎಲ್ಲ ಗೂಡುಗಳ ಒಡೆಯರೂ ಅವನಿಗೆ ಗೊತ್ತು. ಸಮಿತಿಯಿಂದ ನೇರ ಅವನ ಹತ್ತಿರ ಹೋದೆ.

"ನೀಲಿ ಗೂಡಾ? ಮೆಟ್ರೋ ಪಕ್ಕ?" ಎಂದು ಸ್ವಲ್ಪ ಯೋಚಿಸಿದ. "ನೀಲಿ ಬಣ್ಣ ಬಳಿದಿರೋದು ಮೂರೇ ಜನ ಮಗಾ. ಒಂದು ನಮ್ಮ ಬೀದೀಲೇ ಇದೆ, ಅಲ್ಲಿಂದ ಮೆಟ್ರೋ ಕಾಣಲ್ಲ. ಇನ್ನೆರಡೂ ತೋರಿಸ್ತೀನಿ, ಆಟೋ ಹತ್ತು."

ಎರಡನೆಯದು ಹಲಸೂರು ಮುಗಿದು ಇಂದಿರಾನಗರ ಶುರುವಾಗುವ ಕಡೆ, ಒಂದು ಅಡ್ಡರಸ್ತೆಯಲ್ಲಿತ್ತು. ಗೂಡಿನ ಯಜಮಾನನನ್ನು ಕೇಳಿ ಅವನ ತಾರಸಿ ಹತ್ತಿದೆ. ಎದುರು ಮನೆಯ ಮಹಡಿಯಲ್ಲಿ ಹಸಿರು ಗ್ರಿಲ್ ಇತ್ತು. ಅದರ ಪಕ್ಕದ ಕಿರಿದಾದ ಜಾಗದಲ್ಲಿ ಒಬ್ಬಳು ಹುಡುಗಿ ಕುಕ್ಕರುಗಾಲಿನಲ್ಲಿ ಕೂತು ಬೆಡ್‌ಶೀಟು ಒಗೆಯುತ್ತಿದ್ದಳು. ತಾರಸಿಯ ಗೋಡೆ ಹಿಡಿದು ನಿಂತೆ. ಹಿಂದಿನಿಂದ ಮೆಟ್ರೋ ಹಾದುಹೋಯಿತು.

ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರನ್ನು ಕರೆದುಕೊಂಡು ಮೂರೂವರೆಗೆ ಆ ಮನೆಗೆ ಹೋದೆವು. ಬಾಗಿಲು ತೆಗೆದ ಹೆಂಗಸು ಗಾಬರಿಯಾಗಲಿಲ್ಲ. "ಮನೆ ಮಗಳ ಥರ ನೋಡ್ಕೋತಿದೀವಿ ರೀ, ಬೇಕಾದ್ರೆ ಅವಳನ್ನೇ ಕೇಳಿ" ಎಂದರು.

"ಮನೆ ಮಗಳು ಯಾವ ಸ್ಕೂಲಿಗೆ ಹೋಗ್ತಾಳೆ?" ಎಂದು ಕೇಳಿದೆ. ಅವರು ಒಳಗೆ ತಿರುಗಿ ಹುಡುಗಿಯನ್ನು ಕರೆದರು.

ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದ ಹುಡುಗಿಯನ್ನು ನಾನು ಸುಕ್ರಿ ಎಂದು ಕರೆದೆ. ಆ ಮನೆಯಲ್ಲಿ ಅವಳನ್ನು ಯಾರೂ ಆ ಹೆಸರಿನಿಂದ ಕರೆದಿರಲಿಲ್ಲ. ಅವಳು ನನ್ನನ್ನೇ ನೋಡುತ್ತಾ ಹಿಂದಿಯಲ್ಲಿ, "ಎತ್ವಾರಿ ಬದುಕಿದ್ದಾಳಾ" ಎಂದು ಕೇಳಿದಳು.

ಸುಕ್ರಿಗೆ ಹಿಂದಿ ಬರುತ್ತಿದ್ದುದರಿಂದ ಮುಂದಿನದೆಲ್ಲ ಸುಲಭವಾಯಿತು. ಅವರದ್ದು ಕುಡುಖ್ ಎಂಬ ಭಾಷೆ, ಜಾರ್ಖಂಡಿನ ಕಡೆಯದು. ವಾರದೊಳಗೆ ಅದೇ ಭಾಷೆಯ ಒಬ್ಬಳು ನರ್ಸ್ ಸಿಕ್ಕಳು, ಸಮಿತಿ ಅವಳನ್ನೇ ಭಾಷಾಂತರಕ್ಕೆ ನೇಮಿಸಿತು. ನಾನು ನಾಲ್ಕು ಪುಟವನ್ನು ವಾಕ್ಯ ವಾಕ್ಯವಾಗಿ ಹಿಂದಿಯಲ್ಲಿ ಹೇಳಿದೆ, ಅವಳು ಎತ್ವಾರಿಯನ್ನು ಕೇಳಿದಳು, ಎತ್ವಾರಿ ಪ್ರತಿಯೊಂದಕ್ಕೂ ತಲೆಯಾಡಿಸಿದಳು. ಮೂರನೇ ಪುಟದಲ್ಲಿ ಎರಡು ಕಡೆ ಎರ್ಪಾ ಎಂಬ ಪದವಿತ್ತು. ಬರೆದವಳು ನಾನೇ ಆದರೂ ಅದೇನೆಂದು ನನಗೆ ಗೊತ್ತಿರಲಿಲ್ಲ. ಹಾಗೆಂದರೆ ಮನೆ ಎಂದು ನರ್ಸ್ ಹೇಳಿದಳು.

ನಾನು ಇನ್ನೊಂದನ್ನು ಕೇಳಿದೆ. ಮೊದಲ ದಿನ ಅವಳು ಅಮ್ಮ್ ಅಮ್ಮ್ ಎಂದಿದ್ದಳಲ್ಲ, ಹಾಗೆಂದರೂ ತಾಯಿಯೇ? ನರ್ಸ್ ತಲೆಯಲ್ಲಾಡಿಸಿ, "ಅದು ತಾಯಿ ಅಲ್ಲ ದೀದಿ, ನೀರು" ಎಂದಳು. ಬಾಯಾರಿ ನೀರು ಕೇಳಿದ ಮಗುವನ್ನು ತಬ್ಬಿಕೊಂಡು ನಾವು ಸಮಾಧಾನ ಹೇಳಿದ್ದೆವು. ರೋಜಿ ಆಂಟಿಗೆ ಇದನ್ನು ತಿಳಿಸಿದಾಗ ಅವರು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಆಮೇಲೆ ನನ್ನ ಸುತ್ತ ವಿವರಣೆಗಳು ಶುರುವಾದವು. ಮಾತೆಯೇ ನಿನ್ನ ನಾಲಗೆಯ ಮೇಲೆ ಕೂತಳು, ಚರ್ಚಿಗೆ ಬಂದು ಮೇಣದಬತ್ತಿ ಹಚ್ಚು ಎಂದರು ರೋಜಿ ಆಂಟಿ. ಹಚ್ಚುವುದಿಲ್ಲ ಎಂದೆ. ಪ್ರಕಾಶ್ ಸರ್ ಕೆಲವು ದಿನ ರಜೆ ತೆಗೆದುಕೊಳ್ಳಲು ಹೇಳಿದರು, ಮನೋವೈದ್ಯರೊಬ್ಬರ ವಿಳಾಸವನ್ನೂ ಕೊಟ್ಟರು. ಹೋದೆ, ಏಕೆ ಹೋಗಬಾರದು? ಅವರು ಎರಡು ದಿನ ಪ್ರಶ್ನೆ ಕೇಳಿ, ನಿಮಗೆ ಏನೂ ಆಗಿಲ್ಲ, ಆದರೆ ನೀವು ಹೇಳುತ್ತಿರುವುದು ಸಾಧ್ಯವೂ ಇಲ್ಲ ಎಂದರು. ಎರಡೂ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದರು.

ಪರಿಚಯದ ಭಾಷಾಶಾಸ್ತ್ರದ ಮೇಷ್ಟ್ರೊಬ್ಬರು ಬಹಳ ಉತ್ಸಾಹದಿಂದ ವಿವರಿಸಿದರು. ಕುಡುಖ್ ನಮ್ಮ ಕನ್ನಡ ತಮಿಳುಗಳ ದೂರದ ಸೋದರಿಯಂತೆ. ಅವರಲ್ಲಿ ಕಣ್ಣಿಗೆ ಖನ್ನ್, ಹಲ್ಲಿಗೆ ಪಲ್ಲ್. ನಿಮ್ಮ ಮನಸ್ಸು ಒಳಗೊಳಗೇ ಹೋಲಿಕೆ ಹಿಡಿದಿರಬೇಕು ಎಂದರು. ಕೇಳಲು ಚೆನ್ನಾಗಿತ್ತು. ಹಾಗಾದರೆ ಆ ಭಾಷೆಯ ಯಾವುದಾದರೂ ಧ್ವನಿಮುದ್ರಣ ಹಾಕಿ ಎಂದೆ. ಅರ್ಧ ಗಂಟೆ ಕಣ್ಣುಮುಚ್ಚಿ ಕೇಳಿದೆ. ಎರಡು ಪದ ಸಿಕ್ಕವು, ಅವೂ ಅವರು ಆಗಲೇ ಹೇಳಿಕೊಟ್ಟಿದ್ದವು. ನಾನು ನಾಲ್ಕು ಪುಟ ಬರೆದಿದ್ದೆ ಸರ್ ಎಂದೆ. ಅವರು ಮಾತು ಬದಲಿಸಿದರು.

ಅಪ್ಪನಿಗೆ ಹೇಳಲು ಹೆದರಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, ಆ ದಿನ ಊಟ ಮಾಡಿದ್ದೆಯಾ, ಜ್ವರ ಇತ್ತಾ ಎಂದು ಎರಡು ಪ್ರಶ್ನೆ ಕೇಳಿದರು. ಊಟ ಮಾಡಿದ್ದೆ, ಜ್ವರ ಇರಲಿಲ್ಲ. "ಆಗಿದ್ದನ್ನ ಆಯ್ತು ಅಂತ ಹೇಳು. ಅದಕ್ಕೊಂದು ಹೆಸರಿಡೋಕೆ ಹೋಗಬೇಡ" ಎಂದರು. ಇಷ್ಟು ಜನರಲ್ಲಿ ನನಗೆ ಉಪಯೋಗಕ್ಕೆ ಬಂದ ಮಾತು ಅದೊಂದೇ.

ಅಕ್ಕತಂಗಿಯರನ್ನು ಊರಿಗೆ ಕಳಿಸುವ ದಿನ ಎತ್ವಾರಿ ನನ್ನ ಸೆರಗು ಹಿಡಿದು ಏನೋ ಕೇಳಿದಳು. ಸುಕ್ರಿ ನಗುತ್ತಾ ಹಿಂದಿಯಲ್ಲಿ ಹೇಳಿದಳು: "ಆವತ್ತು ನಮ್ಮ ಮಾತು ಚೆನ್ನಾಗಿ ಆಡ್ತಿದ್ರಂತೆ. ಆಮೇಲೆ ಯಾಕೆ ನಿಲ್ಲಿಸಿಬಿಟ್ರಿ, ನಾನೇನಾದ್ರೂ ತಪ್ಪು ಮಾಡಿದ್ನಾ ಅಂತ ಕೇಳ್ತಿದ್ದಾಳೆ."

ಇಲ್ಲ ಎಂದು ತಲೆಯಾಡಿಸಿದೆ. ಬೇರೆ ಏನು ಹೇಳಲಿ? ಅವಳ ಮಾತು ನನಗೆ ಯಾವ ಭಾಷೆಯಾಗಿ ಕೇಳಿಸಿತ್ತು ಎಂಬುದೇ ನನಗೆ ನೆನಪಿಲ್ಲ. ಬರೆದದ್ದು ಕನ್ನಡ. ಆದರೆ ಕೇಳಿದ್ದು ಕನ್ನಡವಾಗಿರಲಿಲ್ಲ, ನಮ್ಮ ಮನೆಯ ತಮಿಳೂ ಆಗಿರಲಿಲ್ಲ. ಎಷ್ಟೋ ಸಲ ಆ ಮಧ್ಯಾಹ್ನವನ್ನು ಮನಸ್ಸಿಗೆ ತಂದುಕೊಳ್ಳುತ್ತೇನೆ. ಅವಳ ತುಟಿ ಆಡುವುದು ಕಾಣುತ್ತದೆ, ಅರ್ಥವೂ ನೆನಪಿದೆ, ದನಿ ಮಾತ್ರ ಇಲ್ಲ.

ಇದನ್ನು ಕೇಳಿದವರಲ್ಲಿ ಕೆಲವರು ನಾನು ಪುಣ್ಯವಂತೆ ಎನ್ನುತ್ತಾರೆ. ಆ ಮಾತು ಬಂದಾಗ ನನಗೆ ಸಿಟ್ಟು ಬರುತ್ತದೆ. ಏಕೆಂದು ಹೇಳುತ್ತೇನೆ. ಕಳೆದ ವರ್ಷ, ನಾನೀಗ ಕೆಲಸ ಮಾಡುವ ಹೋಮ್‌ಗೆ ಇನ್ನೊಂದು ಮಗು ಬಂತು, ಐದಾರು ವರ್ಷದ್ದು, ಮಹದೇವಪುರದ ಕಡೆ ನೀರು ನುಗ್ಗಿದ ಬೀದಿಯೊಂದರಲ್ಲಿ ಸಿಕ್ಕಿದ್ದು. ಅದರ ಭಾಷೆಯೂ ಯಾರಿಗೂ ತಿಳಿಯಲಿಲ್ಲ. ನಾಲ್ಕು ದಿನ ನಾನು ಅದರ ಪಕ್ಕದಲ್ಲೇ ಕೂತೆ. ಎತ್ವಾರಿಯ ಹಾಗೆ ಬಾಯಿ ಮುಚ್ಚಿಕೊಂಡ ಮಗುವಲ್ಲ ಅದು. ಬೆಳಗಿನಿಂದ ಸಂಜೆ ತನಕ ಹೇಳುತ್ತಿತ್ತು, ಕೈ ತೋರಿಸುತ್ತಿತ್ತು, ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಹೇಳುತ್ತಿತ್ತು. ನನಗೆ ಒಂದಕ್ಷರ ತಿಳಿಯಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಕಾಯುತ್ತಿದ್ದೆ. ಒಂದು ಸಲ ಆದದ್ದು ಇನ್ನೊಂದು ಸಲ ಆಗಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಐದನೇ ದಿನ ಭಾಷಾಂತರಕಾರರು ಸಿಕ್ಕರು. ಆ ಹೊತ್ತಿಗೆ ಅದರ ತಾಯಿ ಎಲ್ಲ ಕಡೆ ಹುಡುಕಿ ಸೋತು, ಕೂಲಿಯ ಗುಂಪಿನ ಜೊತೆ ಬೇರೆ ರಾಜ್ಯಕ್ಕೆ ಹೋಗಿಬಿಟ್ಟಿದ್ದಳು. ಅವಳನ್ನು ಪತ್ತೆಮಾಡಿ ಮಗುವನ್ನು ಸೇರಿಸಲು ಐದು ತಿಂಗಳು ಹಿಡಿಯಿತು. ಸೇರಿಸಿದೆವು. ಫೋನು ಮಾಡಿ, ಪತ್ರ ಬರೆದು, ಗುತ್ತಿಗೆದಾರರ ಬೆನ್ನು ಬಿದ್ದು, ಸಾಮಾನ್ಯವಾಗಿ ಈ ಕೆಲಸ ಹೇಗೆ ನಡೆಯುತ್ತದೋ ಹಾಗೆ.

ಆದ್ದರಿಂದ, ಆ ಬುಧವಾರದ ಮಧ್ಯಾಹ್ನ ಯಾರಾದರೂ ನನಗೆ ಏನನ್ನಾದರೂ ಕೊಟ್ಟಿದ್ದರೆ, ಅವರಿಗೆ ಕೈಮುಗಿಯಲು ನಾನು ಸಿದ್ಧಳಿಲ್ಲ. ಅವರೊಂದಿಗೆ ನನಗೆ ಜಗಳವಿದೆ. ಕೊಡಲು ಬರುತ್ತಿದ್ದರೆ ಒಂದೇ ಮಗುವಿಗೆ ಏಕೆ ಕೊಟ್ಟರು? ಇನ್ನೊಂದು ಮಗು ನಾಲ್ಕು ದಿನ ನನ್ನ ಮುಖ ಹಿಡಿದು ಬೇಡುವಾಗ ಎಲ್ಲಿ ಹೋಗಿದ್ದರು? ಯಾರೂ ಕೊಟ್ಟಿಲ್ಲ, ಅದು ನನ್ನೊಳಗಿನದೇ ಎನ್ನುವುದಾದರೆ, ಈ ಜಗಳ ನನ್ನ ಮೇಲೇ ತಿರುಗುತ್ತದೆ. ಅದಕ್ಕೂ ನನ್ನಲ್ಲಿ ಉತ್ತರವಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ನನಗೀಗ ಸಂಕೋಚವೂ ಇಲ್ಲ. ನಾಡಿದ್ದು ಅದೇ ತರಗತಿಗೆ ಮತ್ತೆ ಪಾಠವಿದೆ. ಅಂದು ಪ್ರಶ್ನೆ ಕೇಳಿದ ಆ ವಿದ್ಯಾರ್ಥಿನಿ ಎಲ್ಲಿ ಕೂತಿದ್ದರೂ ಹುಡುಕಿ, ಅಂಥ ಒಂದು ಕೇಸ್ ಇದೆ ಎಂದು ಹೇಳುತ್ತೇನೆ.